ವರ್ಷಗಟ್ಟಲೆ ನಡೆದ ಆನ್‌ಲೈನ್ ಕ್ಯಾಂಪೇನ್‌ಗಳನ್ನು ಗೌರವಿಸುವುದು ಹೇಗೆ: ಕಡತದಿಂದ ಸಂಭ್ರಮದ ದಿನದವರೆಗೆ

ಐದಾರು ಜನ ಬೇರೆಬೇರೆ ಕಡೆ ಕೂತು, ಕೆಲಸ, ಓದು, ಮನೆಯ ಜಂಜಾಟಗಳ ನಡುವೆ ಒಂದೇ ಕಥೆಯನ್ನು ಮೂರು ನಾಲ್ಕು ವರ್ಷ ಆಡಿಕೊಂಡು ಹೋಗುವುದು ಸಣ್ಣ ಮಾತಲ್ಲ. ಆನ್‌ಲೈನ್ ಟೇಬಲ್‌ಟಾಪ್ ಕ್ಯಾಂಪೇನ್‌ಗಳು, ಅಂದರೆ ದಾಳ ಉರುಳಿಸುತ್ತ ತಂತಮ್ಮ ಪಾತ್ರಗಳ ಮೂಲಕ ಕಥೆ ಬೆಳೆಸುವ ಇಂಥ ದೀರ್ಘ ಆಟಗಳು, ಶುರುವಾಗುವಷ್ಟು ಸುಲಭವಾಗಿ ಉಳಿಯುವುದಿಲ್ಲ. ಒಬ್ಬರ ಪಾಳಿ ಬದಲಾಗುತ್ತದೆ, ಇನ್ನೊಬ್ಬರು ಉತ್ತರ ಕೊಡುವುದನ್ನು ನಿಲ್ಲಿಸುತ್ತಾರೆ, ಮೂರನೆಯ ವಾರ ಕಥೆ ಹೇಳಿ ಆಟ ನಡೆಸುವ ಗೇಮ್ ಮಾಸ್ಟರ್‌ಗೂ ಬೇಸರ ಬರುತ್ತದೆ. ಇದನ್ನೆಲ್ಲ ದಾಟಿ ಬಂದ ಗುಂಪುಗಳಿಗೆ ಹೊರಗಿನ ಮನ್ನಣೆ ಸಿಗುವುದೂ ಕಡಿಮೆಯೇ. ಈ ಕ್ಷೇತ್ರದಲ್ಲಿ ಹೆಸರಾದ ಎನ್ನೀ ಪ್ರಶಸ್ತಿ 2001ರಲ್ಲಿ ಶುರುವಾಯಿತು. ಅದು ನೋಡುವುದು ಪ್ರಕಟವಾದ ಪುಸ್ತಕ, ನಕ್ಷೆ, ಪಾಡ್‌ಕಾಸ್ಟ್ ಇಂಥವನ್ನು. ನಾಲ್ಕು ಗೋಡೆಯೊಳಗೆ ನಡೆಯುವ ಆಟ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಈ ಕೆಲಸ ಆಟಗಾರರ ಬಳಗಗಳ ಪಾಲಿಗೆ ಬೀಳುತ್ತದೆ. ಹತ್ತಾರು ಗುಂಪುಗಳಿರುವ ಒಂದು ಸರ್ವರ್ (ಬಳಗದ ಆನ್‌ಲೈನ್ ಚಾಟ್ ತಾಣ) ಅಥವಾ ಕ್ಲಬ್ ವರ್ಷಕ್ಕೊಮ್ಮೆ ಒಳ್ಳೆಯ ಕ್ಯಾಂಪೇನ್‌ಗಳನ್ನು ಗುರುತಿಸಿ ಗೌರವಿಸಬೇಕೆಂದರೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಹೇಳಿದೆ. ಒಂದೇ ಗುಂಪು ತನ್ನ ನೂರನೇ ಸೆಷನ್, ಅಂದರೆ ನೂರನೇ ಸಲ ಕೂತು ಆಡಿದ್ದನ್ನು, ಆಚರಿಸುವುದಕ್ಕೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ತೊಡಕಿರುವುದು ಒಂದೇ ಕಡೆ. ದೀರ್ಘ ಕ್ಯಾಂಪೇನ್ ಒಳಗಿದ್ದವರಿಗೆ ಮಾತ್ರ ಅರ್ಥವಾಗುವ ವಸ್ತು. ಎಪ್ಪತ್ತನೇ ಸೆಷನ್‌ನಲ್ಲಿ ಎಲ್ಲರ ಕಣ್ಣು ಒದ್ದೆ ಮಾಡಿದ ಸಾಲು ಹೊರಗಿನವರಿಗೆ ಬರೀ ಒಂದು ಸಾಲು. ಅಪರಿಚಿತರೊಬ್ಬರು ಅರ್ಧ ಗಂಟೆ ಓದಿ ‘ಓಹೋ, ಇದಕ್ಕಾ!’ ಎನ್ನುವಂತೆ ಮಾಡುವುದೇ ಇಲ್ಲಿನ ಅಸಲಿ ಕೆಲಸ. ಸಮಾರಂಭ, ಬ್ಯಾಡ್ಜ್, ಚಪ್ಪಾಳೆ ಎಲ್ಲ ಆಮೇಲೆ. ಒಟ್ಟು ಹತ್ತು ವಾರ ಇಟ್ಟುಕೊಳ್ಳಿ. ಅದರಲ್ಲಿ ಆರು ವಾರ ದಾಖಲೆಗೆ ಮತ್ತು ತೀರ್ಪುಗಾರರು ಓದುವ ಕಡತಕ್ಕೇ ಹೋಗುತ್ತದೆ.

‘ದೀರ್ಘ’ ಎಂದರೆ ಎಷ್ಟು?

ಬರೀ ವರ್ಷಗಳನ್ನು ಅಳತೆಗೋಲು ಮಾಡಿಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ವಾರಕ್ಕೊಮ್ಮೆ ಆಡುವ ಗುಂಪು ರಜೆ, ಜ್ವರ, ಪರೀಕ್ಷೆ ಕಳೆದು ವರ್ಷಕ್ಕೆ ಸುಮಾರು 40 ಸೆಷನ್ ಮುಗಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಆಡುವ ಗುಂಪಿಗೆ 18–20 ಸಿಕ್ಕಿದರೆ ಹೆಚ್ಚು. ಎರಡಕ್ಕೂ ‘ಎರಡು ವರ್ಷ’ ಎಂಬ ಒಂದೇ ಮಿತಿ ಹಾಕಿದರೆ, ಸೆಷನ್‌ಗೆ ಮೂರು ಗಂಟೆಯಂತೆ ಒಂದು 240 ಗಂಟೆ ಆಡಿರುತ್ತದೆ, ಇನ್ನೊಂದು 120. ಧ್ವನಿಯಲ್ಲಿ ಆಡುವ ಗುಂಪುಗಳಿಗೆ ಕಾಲ ಮತ್ತು ಸೆಷನ್ ಎರಡನ್ನೂ ಸೇರಿಸಿ ಮಿತಿ ಇಡಿ: ಕನಿಷ್ಠ 18 ತಿಂಗಳು, ಕನಿಷ್ಠ 40 ಸೆಷನ್.

ಬರಹದಲ್ಲಿ ಆಡುವ ಪ್ಲೇ-ಬೈ-ಪೋಸ್ಟ್ ಕ್ಯಾಂಪೇನ್‌ಗಳ ಲೆಕ್ಕವೇ ಬೇರೆ. ಗೇಮ್ ಮಾಸ್ಟರ್ ಸೇರಿ ಐದು ಜನ, ಪ್ರತಿಯೊಬ್ಬರಿಗೂ ಉತ್ತರಿಸಲು 24 ಗಂಟೆ, ಸರದಿ ಮೀರುವಂತಿಲ್ಲ ಎಂದರೆ ಯುದ್ಧದ ಒಂದು ಸುತ್ತಿಗೇ ಐದು ದಿನ ಹಿಡಿಯಬಹುದು. ಆರು ಸುತ್ತಿನ ಕಾಳಗಕ್ಕೆ ಒಂದು ತಿಂಗಳು. ಆಟಗಾರರೆಲ್ಲ ಒಂದು ಸರದಿ, ಎದುರಾಳಿಗಳೆಲ್ಲ ಒಂದು ಸರದಿ ಎಂದು ಮಾಡಿಕೊಂಡ ಗುಂಪು ಅದೇ ಕಾಳಗವನ್ನು ಹನ್ನೆರಡು ದಿನದಲ್ಲಿ ಮುಗಿಸುತ್ತದೆ. ಹಾಗಾಗಿ ಇಲ್ಲಿ ‘ಕಥೆ ಎಷ್ಟು ಮುಂದೆ ಹೋಯಿತು’ ಎಂದು ಕೇಳುವುದು ಅನ್ಯಾಯ. 18 ತಿಂಗಳು, 1,500 ಪೋಸ್ಟ್, ಅದರಲ್ಲಿ ಕನಿಷ್ಠ ಅರ್ಧದಷ್ಟು ಆಟಗಾರರು ಬರೆದದ್ದು ಎಂಬ ಮಿತಿ ಸಾಕು. ಕೊನೆಯ ಷರತ್ತು ಬಿಡಬೇಡಿ. ಗೇಮ್ ಮಾಸ್ಟರ್ ಒಬ್ಬರೇ ಒಂದರ ಮೇಲೊಂದು ಬರೆದು ಉಳಿದವರು ಅಪರೂಪಕ್ಕೊಮ್ಮೆ ‘ನಾನೂ ಒಳಗೆ ಹೋಗುತ್ತೇನೆ’ ಎಂದು ತಲೆಯಾಡಿಸಿದ ಕ್ಯಾಂಪೇನ್ ಇದರಲ್ಲಿ ತಾನಾಗಿಯೇ ಉದುರುತ್ತದೆ.

ತಕರಾರು ಬರುವ ಮೂರು ಸಂದರ್ಭಗಳನ್ನು ಮೊದಲೇ ಬರೆದಿಡಿ. ನಡುವೆ ನಿಂತಿದ್ದ ಕ್ಯಾಂಪೇನ್: ಒಟ್ಟು ವಿರಾಮ ಆರು ತಿಂಗಳೊಳಗಿದ್ದರೆ ಸರಿ, ಆದರೆ ನಿಂತ ಕಾಲ 18 ತಿಂಗಳ ಲೆಕ್ಕಕ್ಕೆ ಸೇರದು. ನಿಯಮಪುಸ್ತಕ ಬದಲಾಯಿಸಿದ ಕ್ಯಾಂಪೇನ್: ಪಾತ್ರಗಳೂ ಲೋಕವೂ ಮುಂದುವರಿದಿದ್ದರೆ ಅದೇ ಕ್ಯಾಂಪೇನ್. ಆಟಗಾರರು ಬದಲಾದ ಕ್ಯಾಂಪೇನ್: ಮೊದಲ ವರ್ಷದವರಲ್ಲಿ ಇಬ್ಬರಾದರೂ ಉಳಿದಿರಬೇಕು, ಗೇಮ್ ಮಾಸ್ಟರ್ ಅದರಲ್ಲಿ ಒಬ್ಬರಾಗಿರಲೇಬೇಕೆಂದಿಲ್ಲ. ಗೇಮ್ ಮಾಸ್ಟರ್ ಕೈಬದಲಾದರೂ ಉಳಿದ ಕ್ಯಾಂಪೇನ್ ಸಾಮಾನ್ಯದ್ದಲ್ಲ. ಅದಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟರೂ ತಪ್ಪಿಲ್ಲ.

ಮುಗಿದವು, ನಡೆಯುತ್ತಿರುವವು ಎಂದು ಎರಡು ಸಾಲು ಮಾಡಿ. ಮುಗಿದ ಕ್ಯಾಂಪೇನ್‌ಗೆ ಕೊನೆ ಇರುವುದರಿಂದ ಅದರ ಪಕ್ಕದಲ್ಲಿ ನಡೆಯುತ್ತಿರುವುದು ಯಾವಾಗಲೂ ಅರೆಬೆಂದಂತೆ ಕಾಣುತ್ತದೆ.

ಪ್ರಸಾರಕ್ಕಾಗಿಯೇ ಆಡುವ ಗುಂಪುಗಳನ್ನು ಇದೇ ತಕ್ಕಡಿಯಲ್ಲಿ ತೂಗಬೇಡಿ. ಆಟವನ್ನು ಪ್ರಸಾರ ಮಾಡುವ ಕ್ರಿಟಿಕಲ್ ರೋಲ್ ತಂಡ 2015ರ ಮಾರ್ಚ್‌ನಲ್ಲಿ ಪ್ರಸಾರ ಶುರುಮಾಡಿ ಮೊದಲ ಕ್ಯಾಂಪೇನನ್ನು 115 ಕಂತಿಗೆ, ಎರಡನೆಯದನ್ನು 141 ಕಂತಿಗೆ ಮುಗಿಸಿತು. ಅಲ್ಲಿ ಆಡುವವರು ವೃತ್ತಿಪರ ಧ್ವನಿನಟರು, ಹಿಂದೆ ತಾಂತ್ರಿಕ ತಂಡವಿದೆ. ಅದನ್ನು ಮಾದರಿಯಾಗಿ ಇಟ್ಟುಕೊಂಡರೆ ನಿಮ್ಮ ತೀರ್ಪುಗಾರರು ಅರಿವಿಲ್ಲದೆ ಒಳ್ಳೆಯ ಮೈಕ್ ಇರುವವರಿಗೆ ಅಂಕ ಕೊಡುತ್ತಾರೆ.

ಮೊದಲು ದಾಖಲೆ ಉಳಿಸಿ, ಆಮೇಲೆ ಪ್ರಕಟಣೆ ಹೊರಡಿಸಿ

1974ರಲ್ಲಿ ಈ ಬಗೆಯ ಹೆಸರಾಂತ ಆಟ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಅಚ್ಚಾಗುವ ಮೊದಲೇ ಡೇವ್ ಆರ್ನೆಸನ್ ಅವರ ಬ್ಲ್ಯಾಕ್‌ಮೂರ್, ಗ್ಯಾರಿ ಗೈಗ್ಯಾಕ್ಸ್ ಅವರ ಗ್ರೇಹಾಕ್ ಎಂಬ ಕ್ಯಾಂಪೇನ್‌ಗಳು ನಡೆಯುತ್ತಿದ್ದವು. ಆ ಮೇಜಿನ ಸುತ್ತ ಆಡಿದ ಮಾತಿನಲ್ಲಿ ಬಹಳಷ್ಟು ಗಾಳಿಗೆ ಹೋಯಿತು. ಆನ್‌ಲೈನ್ ಆಟಕ್ಕೆ ಆ ನೆಪವಿಲ್ಲ. ಚಾಟ್, ದಾಳ, ನಕ್ಷೆ ಎಲ್ಲ ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ಆದರೆ ‘ಎಲ್ಲೋ’ ಎಂಬುದು ನಿಮ್ಮ ಕೈಯಲ್ಲಿದೆ ಎಂದರ್ಥವಲ್ಲ.

ಗುಂಪುಗಳು ಮಾತಾಡಲು ಬಳಸುವ ಡಿಸ್ಕಾರ್ಡ್ ಎಂಬ ಚಾಟ್ ತಾಣದಿಂದ ಶುರುಮಾಡಿ, ಹೆಚ್ಚು ಕಳೆದುಹೋಗುವುದು ಅಲ್ಲೇ. ಅಲ್ಲಿಗೆ ಹಾಕಿದ ಚಿತ್ರದ ಲಿಂಕನ್ನು ನಕಲಿಸಿ ಬೇರೆ ವಿಕಿಯಲ್ಲೋ ಡಾಕ್ಯುಮೆಂಟ್‌ನಲ್ಲೋ ಅಂಟಿಸಿದರೆ ಅದು ಸುಮಾರು ಒಂದು ದಿನದಲ್ಲಿ ಸಾಯುತ್ತದೆ. 2023ರ ಕೊನೆಯಿಂದ ಬಂದ ಬದಲಾವಣೆ ಇದು. ‘ನಮ್ಮ ವಿಕಿಯಲ್ಲಿ ಪಾತ್ರಗಳ ಚಿತ್ರವೆಲ್ಲ ಮಾಯ’ ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಚಿತ್ರಗಳನ್ನು ಇಳಿಸಿಕೊಂಡು ಫೈಲ್ ಆಗಿಯೇ ಇಡಬೇಕು. ಚಾನೆಲ್‌ಗಳ ಮಾತುಕತೆ ತೆಗೆಯಲು ಡಿಸ್ಕಾರ್ಡ್‌ಚಾಟ್‌ಎಕ್ಸ್‌ಪೋರ್ಟರ್‌ನಂಥ ಸಾಧನಗಳಿವೆ. ಎಚ್‌ಟಿಎಂಎಲ್ ರೂಪ ಆರಿಸಿ, ಚಿತ್ರಗಳನ್ನೂ ಜೊತೆಗೆ ಇಳಿಸುವ ಆಯ್ಕೆ ಹಾಕಿ, ಥ್ರೆಡ್‌ಗಳನ್ನು (ಚಾನೆಲ್ ಒಳಗಿನ ಬೇರೆ ಮಾತುಕತೆಗಳನ್ನು) ಸೇರಿಸಿದ್ದೀರಾ ನೋಡಿ. ಥ್ರೆಡ್ ಬಿಟ್ಟುಹೋದರೆ ಕ್ಯಾಂಪೇನಿನ ಅರ್ಧವೇ ಹೋದಂತೆ, ಏಕೆಂದರೆ ಬೇರ್ಪಟ್ಟ ಪಾತ್ರಗಳ ದೃಶ್ಯಗಳು ಅಲ್ಲೇ ಇರುತ್ತವೆ. ಇನ್ನೊಂದು ಎಚ್ಚರ: ನಿಮ್ಮ ಸ್ವಂತ ಖಾತೆಯ ಟೋಕನ್ (ಗುಪ್ತ ಪ್ರವೇಶ ಸಂಕೇತ) ಹಾಕಿ ಇದನ್ನು ನಡೆಸುವುದು ಡಿಸ್ಕಾರ್ಡ್ ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು. ಸರ್ವರ್ ನಡೆಸುವವರು ಒಂದು ಬಾಟ್ (ಸ್ವಯಂಚಾಲಿತ ಖಾತೆ) ಮಾಡಿ, ಅದಕ್ಕೆ ಓದುವ ಅನುಮತಿ ಕೊಟ್ಟು, ಅದರ ಟೋಕನ್‌ನಿಂದಲೇ ತೆಗೆಯಲಿ.

ನಕ್ಷೆ, ದಾಳ ಇಟ್ಟು ಆಡುವ ಆನ್‌ಲೈನ್ ತಾಣ ರೋಲ್20ಯಲ್ಲಿ ಆಟದ ಚಾಟ್ ಆರ್ಕೈವ್ ಪುಟ ತೆರೆದು, ಎಲ್ಲವನ್ನೂ ಒಂದೇ ಪುಟದಲ್ಲಿ ತೋರಿಸುವ ಬಟನ್ ಒತ್ತಿ, ಪೂರ್ತಿ ಬಂದ ಮೇಲೆ ಬ್ರೌಸರ್‌ನಿಂದ ಉಳಿಸಿ. ನಾಲ್ಕು ವರ್ಷದ ಆಟವಾದರೆ ಪುಟ ಭಾರವಾಗಿ ಬ್ರೌಸರ್ ಒದ್ದಾಡುತ್ತದೆ. ಫೋನ್‌ನಲ್ಲಿ ಪ್ರಯತ್ನಿಸಬೇಡಿ. ಅಂಥದೇ ಇನ್ನೊಂದು ಸಾಫ್ಟ್‌ವೇರ್ ಫೌಂಡ್ರಿಯಲ್ಲಿ ಚಾಟನ್ನು ಪಠ್ಯ ಫೈಲ್ ಆಗಿ ರಫ್ತು ಮಾಡುವ ಬಟನ್ ಇದೆ, ಅದರ ಹತ್ತಿರವೇ ಚಾಟ್ ಅಳಿಸುವ ಬಟನ್ನೂ ಇದೆ. ದೃಢೀಕರಣ ಕೇಳಿದಾಗ ಓದದೆ ‘ಹೌದು’ ಒತ್ತುವ ಅಭ್ಯಾಸದವರಿಗೆ ಈ ಕೆಲಸ ವಹಿಸದಿರುವುದು ಕ್ಷೇಮ. ಇಡೀ ಲೋಕವನ್ನು ಉಳಿಸಬೇಕಾದರೆ ಮೊದಲು ಸರ್ವರ್ ನಿಲ್ಲಿಸಿ, ಆಮೇಲೆ ‘ವರ್ಲ್ಡ್ಸ್’ ಫೋಲ್ಡರ್‌ನಲ್ಲಿರುವ ಆ ಆಟದ ಫೋಲ್ಡರನ್ನು ನಕಲಿಸಿ. ಚಾಲೂ ಇರುವಾಗ ನಕಲಿಸಿದರೆ ಡೇಟಾಬೇಸ್ ಅರ್ಧಂಬರ್ಧ ಬಂದು, ಮತ್ತೆ ತೆರೆಯದೆ ಹೋಗಬಹುದು.

ಧ್ವನಿ ಮುದ್ರಣವಿದ್ದರೆ ಜಾಗದ ಲೆಕ್ಕ ಹೀಗಿದೆ. ಓಪಸ್ ಎಂಬ ಧ್ವನಿ ಫೈಲ್ ರೂಪದಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಇಟ್ಟರೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಗಂಟೆಗೆ 14.4 ಎಂಬಿ, ಮೂರು ಗಂಟೆಯ ಸೆಷನ್‌ಗೆ 43 ಎಂಬಿ, ನೂರು ಸೆಷನ್‌ಗೆ 4.3 ಜಿಬಿ. ಒಂದು ಚಿಕ್ಕ ಪೆನ್‌ಡ್ರೈವ್‌ಗೆ ಹಿಡಿಯುತ್ತದೆ. ಒಬ್ಬೊಬ್ಬರ ಧ್ವನಿಯನ್ನೂ ಬೇರೆಬೇರೆ ಟ್ರ್ಯಾಕ್ ಆಗಿ ಕೊಡುವ ಮುದ್ರಣ ಬಾಟ್‌ಗಳು ತಮ್ಮ ಕಡೆಯ ಪ್ರತಿಯನ್ನು ಕೆಲವೇ ದಿನಗಳಲ್ಲಿ ಅಳಿಸುತ್ತವೆ, ಆದ್ದರಿಂದ ಸೆಷನ್ ಮುಗಿದ ರಾತ್ರಿಯೇ ಇಳಿಸಿಕೊಳ್ಳುವ ಪದ್ಧತಿ ಇರಬೇಕು.

ಈ ಕಚ್ಚಾ ದಾಖಲೆಯನ್ನು ಯಾರೂ ತಿದ್ದಕೂಡದು. ಕಾಗುಣಿತ ಸರಿಮಾಡುವುದು, ಬೈಗುಳ ತೆಗೆಯುವುದು ಎಲ್ಲ ಆಯ್ದ ಭಾಗದ ಪ್ರತಿಯಲ್ಲಿ.

ಕಡತ: ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲೇ ಹೋಗಬೇಕು

ಪ್ರತಿ ನಾಮನಿರ್ದೇಶನಕ್ಕೂ ಒಂದು ಕಡತ, ಎಲ್ಲಕ್ಕೂ ಒಂದೇ ಅಚ್ಚು. ಮೊದಲ ಪುಟದಲ್ಲಿ ಒಣ ಮಾಹಿತಿ: ಕ್ಯಾಂಪೇನಿನ ಹೆಸರು, ನಿಯಮಪುಸ್ತಕ, ಆಡುವ ವಿಧಾನ, ಮೊದಲ ಮತ್ತು ಇತ್ತೀಚಿನ ಸೆಷನ್ ದಿನಾಂಕ, ಒಟ್ಟು ಸೆಷನ್ ಅಥವಾ ಪೋಸ್ಟ್, ಆಡಿದ ಎಲ್ಲರ ಬಳಕೆಹೆಸರು, ಬಿಟ್ಟುಹೋದವರದೂ ಸೇರಿ. ನಂತರ 150 ಪದಗಳಲ್ಲಿ ಕಥೆಯ ಹಿನ್ನೆಲೆ. ಇದನ್ನು 150ಕ್ಕೆ ಕಟ್ಟಿಹಾಕದಿದ್ದರೆ ಗೇಮ್ ಮಾಸ್ಟರ್‌ಗಳು ದೇವತೆಗಳ ವಂಶವೃಕ್ಷದಿಂದ ಶುರುಮಾಡುತ್ತಾರೆ.

ಮೂರನೆಯದು ಆಯ್ದ ಭಾಗಗಳು. ಮೂರು ತುಣುಕು, ಒಂದೊಂದೂ 800–1,000 ಪದ. ಒಂದು ಮೊದಲ ಹತ್ತು ಸೆಷನ್‌ಗಳಿಂದ, ಒಂದು ನಡುವಿನಿಂದ, ಒಂದು ಇತ್ತೀಚಿನದು. ನಡುವಿನದನ್ನು ಕಡ್ಡಾಯ ಮಾಡಿ. ಆರಂಭದ ಹುರುಪು, ಕೊನೆಯ ಕಾಳಗ ಎಲ್ಲರಲ್ಲೂ ಚೆನ್ನಾಗಿರುತ್ತದೆ. ಕ್ಯಾಂಪೇನ್ ಎಷ್ಟು ಗಟ್ಟಿ ಎಂದು ಗೊತ್ತಾಗುವುದು ಏನೂ ದೊಡ್ಡದು ನಡೆಯದ ನಲವತ್ತನೇ ಸೆಷನ್‌ನಲ್ಲಿ. ಗೇಮ್ ಮಾಸ್ಟರ್‌ನ ಎರಡು ಮಾತಿನ ನಡುವೆ ಕನಿಷ್ಠ ಇಬ್ಬರು ಆಟಗಾರರ ಮಾತು ಇರಬೇಕೆಂಬ ನಿಯಮವನ್ನೂ ಹಾಕಿ. ಇಲ್ಲವಾದರೆ ಕಳಿಸುವುದೆಲ್ಲ ವರ್ಣನೆಯ ಪ್ಯಾರಾಗಳೇ. ಅದು ಬರವಣಿಗೆಯ ಸ್ಪರ್ಧೆಯಾಗುತ್ತದೆ, ಆಟದ್ದಾಗುವುದಿಲ್ಲ. ಧ್ವನಿಯ ಗುಂಪುಗಳು ಹತ್ತು ನಿಮಿಷದ ಮೂರು ತುಣುಕನ್ನು ಬರಹದ ಸಮೇತ ಕೊಡಲಿ. ಯಂತ್ರ ಮಾಡಿಕೊಟ್ಟ ಲಿಪ್ಯಂತರ ಪಾತ್ರಗಳ ಹೆಸರನ್ನು ಪ್ರತಿ ಬಾರಿಯೂ ಬೇರೆ ರೀತಿ ಬರೆಯುತ್ತದೆ, ಅದನ್ನು ಒಬ್ಬರು ಕೂತು ಸರಿಮಾಡಬೇಕು.

ನಾಲ್ಕನೆಯದು, ಅತಿ ಮುಖ್ಯವಾದದ್ದು: ‘ಒಂದು ಎಳೆ’. ಒಂದು ಸಣ್ಣ ನಿರ್ಧಾರ ಎಲ್ಲಿ ಶುರುವಾಗಿ ಎಲ್ಲಿ ಬಂದು ತಾಗಿತು ಎಂದು ಸೆಷನ್ ಸಂಖ್ಯೆ ಸಮೇತ ಬರೆಯುವುದು. ಹೆಚ್ಚಿನವರು ಇಲ್ಲಿ ಹೀಗೆ ಬರೆಯುತ್ತಾರೆ:

‘ನಮ್ಮ ಜಿಎಂ (ಗೇಮ್ ಮಾಸ್ಟರ್) ಅದ್ಭುತ. ಪ್ರತಿ ಪಾತ್ರಕ್ಕೂ ಜೀವ ತುಂಬುತ್ತಾರೆ. ಆಟಗಾರರ ಆಯ್ಕೆಗೆ ಬೆಲೆ ಕೊಡುತ್ತಾರೆ. ಇಂಥ ಕ್ಯಾಂಪೇನ್ ಇನ್ನೊಂದಿಲ್ಲ.’

ಇದರಿಂದ ತೀರ್ಪುಗಾರರಿಗೆ ಏನೂ ಸಿಗುವುದಿಲ್ಲ. ಬೇಕಿರುವುದು ಈ ಥರದ್ದು:

‘ಸೆಷನ್ 14: ದೋಣಿಯವನಿಗೆ ಮೂರು ಬೆಳ್ಳಿ ನಾಣ್ಯ ಕೊಡದೆ ಕಳ್ಳ ಪಾತ್ರಧಾರಿ ನದಿ ದಾಟಿಸಿಕೊಂಡ. ಸೆಷನ್ 33: ಅದೇ ದಡದಲ್ಲಿ ದೋಣಿ ಇಲ್ಲ, ಎರಡು ದಿನ ಸುತ್ತುಹಾದಿ, ಕಾರಣ ಯಾರೂ ಕೇಳಲಿಲ್ಲ. ಸೆಷನ್ 71: ಬಂದರಿನ ಸುಂಕದ ಅಧಿಕಾರಿ ಸರಕನ್ನೆಲ್ಲ ಬಿಚ್ಚಿಸಿದಳು. ಆಕೆ ದೋಣಿಯವನ ಮಗಳು. ನಾಣ್ಯ ಕೊಡದವನಿಗೆ ನೆನಪೇ ಇರಲಿಲ್ಲ. ಪುರೋಹಿತ ಪಾತ್ರಧಾರಿ ಹಳೆಯ ಟಿಪ್ಪಣಿ ಹುಡುಕಿ ತೆಗೆದು, ಆಟದೊಳಗೇ ಮೂರು ನಾಣ್ಯ ಎಣಿಸಿ ಮೇಜಿನ ಮೇಲಿಟ್ಟಳು. ದಾಳ ಹಾಕಲಿಲ್ಲ, ಜಿಎಂ ಬಾಗಿಲು ತೆರೆದರು.’

ಎರಡನೆಯದರಲ್ಲಿ ಒಂದೂ ಹೊಗಳಿಕೆ ಇಲ್ಲ. ಗೇಮ್ ಮಾಸ್ಟರ್ ನೆನಪಿಟ್ಟದ್ದು, ಟಿಪ್ಪಣಿ ಬರೆದವರು ಯಾರು, ದಾಳವನ್ನು ಎಲ್ಲಿ ಪಕ್ಕಕ್ಕಿಟ್ಟರು ಎಲ್ಲ ತಾನಾಗಿ ಕಾಣುತ್ತದೆ. ನಮೂನೆಯ ಜೊತೆ ಈ ಥರದ ಒಂದು ಉದಾಹರಣೆಯನ್ನೂ ಕಳಿಸಿ. ಕಡತಗಳ ಗುಣಮಟ್ಟ ಅಷ್ಟರಿಂದಲೇ ಎದ್ದು ಕಾಣುವಂತೆ ಸುಧಾರಿಸುತ್ತದೆ.

ಕೊನೆಗೆ ಅರ್ಧ ಪುಟ: ಈ ಕ್ಯಾಂಪೇನ್ ಎಲ್ಲಿ ನಿಲ್ಲುವುದರಲ್ಲಿತ್ತು, ಹೇಗೆ ಉಳಿಯಿತು? ಸಮಯ ಬದಲಾಯಿಸಿದರೇ, ಒಬ್ಬರು ಬಂದಿಲ್ಲವೆಂದರೂ ಆಡುವ ಕೋರಂ ನಿಯಮ ಮಾಡಿಕೊಂಡರೇ, ಎರಡು ತಿಂಗಳು ಬೇರೆಯವರು ಆಟ ನಡೆಸಿದರೇ? ಬೇರೆ ಗುಂಪುಗಳಿಗೆ ನೇರವಾಗಿ ಉಪಯೋಗಕ್ಕೆ ಬರುವ ಭಾಗ ಇದೇ. ಆಮೇಲೆ ಎಲ್ಲರೂ ಓದುವುದೂ ಇದನ್ನೇ.

ಒಪ್ಪಿಗೆ, ಗುಟ್ಟು

ಈಗ ಆಡುತ್ತಿರುವ ಪ್ರತಿಯೊಬ್ಬರೂ ಬರಹದಲ್ಲಿ ಒಪ್ಪಬೇಕು. ಗೇಮ್ ಮಾಸ್ಟರ್ ಒಪ್ಪಿದರೆ ಎಲ್ಲರೂ ಒಪ್ಪಿದಂತಲ್ಲ. ಒಬ್ಬರು ಬೇಡವೆಂದರೆ ಅವರ ಮಾತಿರುವ ಭಾಗ ಬಿಟ್ಟು ಬೇರೆ ಭಾಗ ಆರಿಸಿ. ಅವರು ಇಡೀ ಕ್ಯಾಂಪೇನನ್ನೇ ಕಳಿಸುವುದು ಬೇಡವೆಂದರೆ ಅಲ್ಲಿಗೆ ಮುಗಿಯಿತು, ಒತ್ತಾಯವಿಲ್ಲ. ಬಿಟ್ಟುಹೋದವರನ್ನು ಕೇಳಲು ಆಗದಿದ್ದರೆ ಅವರ ಪಾತ್ರದ ಹೆಸರಷ್ಟೇ ಇರಲಿ. ನಿಜನಾಮ, ಊರು, ಉದ್ಯೋಗ ಎಲ್ಲೂ ಬರಬಾರದು. ಧ್ವನಿ ತುಣುಕಿನಲ್ಲಿ ಆಟಗಾರರು ಒಬ್ಬರನ್ನೊಬ್ಬರು ನಿಜನಾಮದಿಂದ ಕರೆಯುವುದು ಸಾಮಾನ್ಯ, ಅದನ್ನು ಕತ್ತರಿಸಬೇಕು. ಗುಂಪು ತನ್ನ ಸುರಕ್ಷತಾ ನಿಯಮದಂತೆ ತೆರೆ ಎಳೆದು ವಿವರವಾಗಿ ಆಡದೆ ಬಿಟ್ಟ ದೃಶ್ಯಗಳು ಕಡತಕ್ಕೆ ಬರುವಂತಿಲ್ಲ.

ನಡೆಯುತ್ತಿರುವ ಕ್ಯಾಂಪೇನ್‌ಗಳಲ್ಲಿ ಇನ್ನೊಂದು ಅಪಾಯ. ಗೇಮ್ ಮಾಸ್ಟರ್ ಉತ್ಸಾಹದಲ್ಲಿ ತಮ್ಮ ಗುಪ್ತ ಟಿಪ್ಪಣಿಯನ್ನೂ ಕಡತಕ್ಕೆ ಸೇರಿಸಿಬಿಡುತ್ತಾರೆ, ಕಡತ ಎಲ್ಲರಿಗೂ ತೆರೆದುಕೊಂಡ ದಿನ ಮೂರು ವರ್ಷ ಕಾಪಾಡಿದ ರಹಸ್ಯ ಅವರದೇ ಆಟಗಾರರ ಕಣ್ಣಿಗೆ ಬೀಳುತ್ತದೆ. ಕಡತದಲ್ಲಿ ಆಟಗಾರರು ಈಗಾಗಲೇ ಕಂಡದ್ದಷ್ಟೇ ಇರಬೇಕು. ಇದನ್ನು ಪರಿಶೀಲಿಸುವವರು ಆ ಗುಂಪಿನ ಹೊರಗಿನವರಾಗಿರಲಿ, ಇಲ್ಲವಾದರೆ ಪರಿಶೀಲನೆಯಲ್ಲೇ ಗುಟ್ಟು ರಟ್ಟಾಗುತ್ತದೆ.

ಓದುವವರು, ಅಂಕ, ಮತ

ನೇರ ಬಹಿರಂಗ ಮತದಾನ ಬೇಡ. ಬೇರೆಯವರ ಕ್ಯಾಂಪೇನನ್ನು ಯಾರೂ ಓದಿರುವುದಿಲ್ಲ, ತಮ್ಮದಕ್ಕೆ ಒತ್ತುತ್ತಾರೆ. ಏಳು ಜನರ ಗುಂಪು ಮೂರು ಜನರ ಗುಂಪನ್ನು ಸೋಲಿಸಲು ಚೆನ್ನಾಗಿ ಆಡಬೇಕಾಗಿಯೇ ಇಲ್ಲ.

ಐದು ತೀರ್ಪುಗಾರರನ್ನು ಹಿಡಿಯಿರಿ. ಧ್ವನಿ ಆಟದವರು, ಬರಹದ ಆಟದವರು ಇಬ್ಬರೂ ಇರಲಿ, ಆಟಗಾರರಾಗಿಯೇ ಉಳಿದ, ಎಂದೂ ಗೇಮ್ ಮಾಸ್ಟರ್ ಆಗದ ಒಬ್ಬರಾದರೂ ಇರಲೇಬೇಕು. ಒಂದು ಕಡತ ಓದಲು 25 ನಿಮಿಷ. ಹನ್ನೆರಡು ಕಡತ ಬಂದು, ಪ್ರತಿಯೊಂದನ್ನೂ ಮೂವರು ಓದಿದರೆ ತಲಾ ಏಳೆಂಟು ಕಡತ, ಮೂರು ಗಂಟೆ ಚಿಲ್ಲರೆ. ಎಲ್ಲರೂ ಎಲ್ಲವನ್ನೂ ಓದಬೇಕೆಂದರೆ ಐದು ಗಂಟೆ, ಎರಡನೇ ವಾರದಲ್ಲಿ ಇಬ್ಬರು ಕೈಕೊಡುತ್ತಾರೆ. ತಾವು ಆಡಿದ ಅಥವಾ ಆಡಲು ಕೇಳಿ ಸೀಟು ಸಿಗದ ಕ್ಯಾಂಪೇನನ್ನು ಯಾರೂ ಓದುವಂತಿಲ್ಲ. ಎರಡನೆಯದನ್ನು ಜನ ಮರೆಯುತ್ತಾರೆ.

ನೋಡಬೇಕಾದ್ದು ನಾಲ್ಕು: ಹಿಂದಿನ ನಿರ್ಧಾರಗಳು ಮುಂದೆ ತಾಗುತ್ತವೆಯೇ, ಕಥೆ ಎಲ್ಲರ ಕೈಯಲ್ಲೂ ಇದೆಯೇ, ಕಷ್ಟದ ಹೊತ್ತಲ್ಲಿ ಗುಂಪು ಹೇಗೆ ನಡೆದುಕೊಂಡಿತು, ಮತ್ತು ದೃಶ್ಯ ಕಟ್ಟುವ ಕುಶಲತೆ. ಈ ಕೊನೆಯದನ್ನು ಬೇಕೆಂದೇ ಕೊನೆಗಿಟ್ಟಿದ್ದೇವೆ. ಒಂದರಿಂದ ಐದು ಅಂಕ ಕೊಡಿ, ಆದರೆ ಅಂಕಗಳನ್ನು ನೇರವಾಗಿ ಕೂಡಿಸಬೇಡಿ. ಒಬ್ಬರು ಎಲ್ಲಕ್ಕೂ ನಾಲ್ಕೈದು ಹಾಕುತ್ತಾರೆ, ಇನ್ನೊಬ್ಬರ ಕೈಯಿಂದ ಮೂರು ಬರುವುದೇ ಕಷ್ಟ. ಜಿಪುಣರ ಪಾಲಿಗೆ ಬಿದ್ದ ಕಡತ ಸುಮ್ಮನೆ ಸೋಲುತ್ತದೆ. ಪ್ರತಿ ತೀರ್ಪುಗಾರರ ಅಂಕವನ್ನು ಅವರದೇ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಬದಲಾಯಿಸಿ, ಆಮೇಲೆ ಹೋಲಿಸಿ. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ನಿಮಿಷದ ಕೆಲಸ.

‘ಎಲ್ಲರ ಕೈಯಲ್ಲೂ ಇದೆಯೇ’ ಎಂಬುದಕ್ಕೆ ಸ್ವಲ್ಪ ಎಣಿಕೆಯೂ ನೆರವಾಗುತ್ತದೆ. ಕೊನೆಯ 200 ಪೋಸ್ಟ್‌ಗಳಲ್ಲಿ ಯಾರದು ಎಷ್ಟು ನೋಡಿ, ಧ್ವನಿಯಾದರೆ ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಮಾತಿರುವ ನಿಮಿಷ ನೋಡಿ. ನಾಲ್ವರು ಆಟಗಾರರಲ್ಲಿ ಒಬ್ಬರದೇ ಅರ್ಧಕ್ಕಿಂತ ಹೆಚ್ಚಿದ್ದರೆ ಪ್ರಶ್ನೆ ಕೇಳಿ. ಸಂಖ್ಯೆಯನ್ನೇ ತೀರ್ಪು ಮಾಡಬೇಡಿ. ಕಡಿಮೆ ಮಾತಾಡುವವರು ಒಮ್ಮೊಮ್ಮೆ ಇಡೀ ಕ್ಯಾಂಪೇನಿನ ಟಿಪ್ಪಣಿ ಬರೆಯುತ್ತಿರುತ್ತಾರೆ.

ಬಳಗದ ಉಳಿದವರೂ ಪಾಲ್ಗೊಳ್ಳಬೇಕೆಂದರೆ ತೀರ್ಪುಗಾರರು ಆರಿಸಿದ ನಾಲ್ಕೈದರ ಕಡತಗಳನ್ನು ಎರಡು ವಾರ ತೆರೆದಿಟ್ಟು, ‘ಓದಿ ಮೆಚ್ಚಿದ್ದಕ್ಕೆಲ್ಲ ಗುರುತು ಹಾಕಿ’ ಎಂಬ ಒಪ್ಪಿಗೆ ಮತ ನಡೆಸಿ. ಸ್ವಂತ ಕ್ಯಾಂಪೇನ್‌ಗೆ ಮತವಿಲ್ಲ.

ಮೊದಲ ಬಹುಮಾನ, ಎರಡನೇ ಬಹುಮಾನ ಬೇಡವೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಪ್ಲೇ-ಬೈ-ಪೋಸ್ಟ್‌ನಲ್ಲಿ ನಡೆದ ನಿಧಾನದ ರಾಜಕೀಯ ಕಥೆಯನ್ನೂ ವಾರಕ್ಕೊಮ್ಮೆ ಗುಹೆಗೆ ನುಗ್ಗುವ ಗುಂಪನ್ನೂ ಒಂದು ಏಣಿಯ ಮೇಲೆ ನಿಲ್ಲಿಸುವುದು ಅರ್ಥವಿಲ್ಲದ್ದು. ಆರಿಸಿದ ಪ್ರತಿಯೊಂದಕ್ಕೂ ‘ಇದಕ್ಕಾಗಿ’ ಎಂದು ಹೇಳುವ ಒಂದು ವಾಕ್ಯದ ಪ್ರಶಸ್ತಿಪತ್ರ ಕೊಡಿ. ಆ ವಾಕ್ಯ ಇನ್ನಾವ ಕ್ಯಾಂಪೇನ್‌ಗೂ ಹೊಂದಬಾರದು. ‘ಅತ್ಯುತ್ತಮ ಕಥನಕ್ಕಾಗಿ’ ಯಾರಿಗೂ ಹೊಂದುತ್ತದೆ, ತೆಗೆದುಹಾಕಿ. ‘ಐವತ್ತೇಳು ಸೆಷನ್ ದೂರದ ಮೂರು ನಾಣ್ಯದ ಸಾಲವನ್ನು ಆಟಗಾರರೇ ನೆನೆದು ತೀರಿಸಿದ್ದಕ್ಕಾಗಿ’ ಒಬ್ಬರಿಗೇ ಹೊಂದುತ್ತದೆ. ಟಿಪ್ಪಣಿ ಬರೆದವರು, ವೇಳಾಪಟ್ಟಿ ನೋಡಿಕೊಂಡವರು, ನಕ್ಷೆ ಮಾಡಿದವರು ಯಾರೆಂದು ಕೇಳಿ ಅವರ ಬಳಕೆಹೆಸರನ್ನೂ ಪತ್ರದಲ್ಲಿ ಹಾಕಿ. ಗೇಮ್ ಮಾಸ್ಟರ್‌ಗೆ ಮೆಚ್ಚುಗೆ ಹೇಗೂ ಬರುತ್ತದೆ.

ದಾಳದ ಲೆಕ್ಕ, ತಮಾಷೆಗೆ

ಚಾಟ್ ದಾಖಲೆ ಕೈಯಲ್ಲಿದ್ದರೆ ‘ಅತಿ ಅದೃಷ್ಟವಂತ’, ‘ಅತಿ ದುರದೃಷ್ಟವಂತ’ ಎಂಬ ಬಿರುದು ಕೊಡುವ ಆಸೆ ಬರುತ್ತದೆ. ಕೊಡಿ, ಆದರೆ ಲೆಕ್ಕ ಗೊತ್ತಿರಲಿ. ಡಿ20, ಅಂದರೆ ಇಪ್ಪತ್ತು ಮುಖದ ದಾಳವನ್ನು 400 ಸಲ ಉರುಳಿಸಿದರೆ ಸರಾಸರಿ 20 ಸಲ ಇಪ್ಪತ್ತು ಬೀಳಬೇಕು, ಆದರೆ 12ರಿಂದ 28ರವರೆಗೆ ಎಲ್ಲಿ ನಿಂತರೂ ಸಹಜವೇ. ಒಟ್ಟು ಸರಾಸರಿ 10.5 ಆಗಬೇಕಾದ ಕಡೆ 11 ಬಂದರೆ ಅದರಲ್ಲಿ ಮೋಸ ಹುಡುಕಬೇಡಿ. ಅಡ್ವಾಂಟೇಜ್‌ನಲ್ಲಿ ಎರಡು ದಾಳ ಉರುಳಿ ದೊಡ್ಡದು ಉಳಿಯುವುದರಿಂದ ಇಪ್ಪತ್ತು ಬೀಳುವ ಸಾಧ್ಯತೆ 5ರಿಂದ 9.75 ಪ್ರತಿಶತಕ್ಕೆ ಏರುತ್ತದೆ. ಆ ಉರುಳಿಕೆಗಳನ್ನು ಬೇರೆ ಮಾಡದಿದ್ದರೆ ಅಡ್ವಾಂಟೇಜ್ ಹೆಚ್ಚಾಗಿ ಸಿಗುವ, ಬಚ್ಚಿಟ್ಟುಕೊಂಡು ಹೊಡೆಯುವ ಪಾತ್ರದವರೇ ಪ್ರತಿ ವರ್ಷ ‘ಅದೃಷ್ಟವಂತ’ರಾಗುತ್ತಾರೆ.

ಸಂಭ್ರಮದ ದಿನ

ಒಟ್ಟು 90 ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ಬೇಡ. ಸಮಯವನ್ನು ಡಿಸ್ಕಾರ್ಡ್‌ನ ಟೈಮ್‌ಸ್ಟ್ಯಾಂಪ್‌ನಲ್ಲಿ ಹಾಕಿದರೆ ಪ್ರತಿಯೊಬ್ಬರಿಗೂ ಅವರವರ ಗಡಿಯಾರದಂತೆ ಕಾಣುತ್ತದೆ. ಮಾರ್ಚ್ ನಡುವೆ ಮತ್ತು ಅಕ್ಟೋಬರ್ ಕೊನೆಯ ವಾರದಲ್ಲಿ ದಿನ ಗೊತ್ತುಮಾಡಬೇಡಿ. ಅಮೆರಿಕದಲ್ಲಿ ಬೇಸಿಗೆ ಸಮಯ ಮಾರ್ಚ್‌ನ ಎರಡನೇ ಭಾನುವಾರ ಶುರು, ಯುರೋಪಿನಲ್ಲಿ ಕೊನೆಯ ಭಾನುವಾರ. ಮುಗಿಯುವಾಗಲೂ ಒಂದು ವಾರದ ಅಂತರ. ಆ ದಿನಗಳಲ್ಲಿ ಯಾರಾದರೂ ಒಂದು ಗಂಟೆ ತಪ್ಪಿ ಬರುವುದು ಖಂಡಿತ.

ಪ್ರತಿ ಕ್ಯಾಂಪೇನ್‌ಗೆ ಎಂಟು ನಿಮಿಷ: ಎರಡು ನಿಮಿಷ ಪರಿಚಯ, ಮೂರು ನಿಮಿಷ ಆಟಗಾರರೇ ತಮ್ಮ ಒಂದು ದೃಶ್ಯವನ್ನು ಓದುವುದು, ಪ್ರಶಸ್ತಿಪತ್ರ, ಉಳಿದದ್ದು ಅವರ ಮಾತು. ಓದುವವರು ಒಬ್ಬರಾದ ಮೇಲೆ ಒಬ್ಬರು ಓದಲಿ. ಎಲ್ಲರೂ ಒಟ್ಟಿಗೆ ಹೇಳುವ ಸಾಲುಗಳು ಬೇಡ, ಧ್ವನಿ ತಡವಾಗಿ ತಲುಪುವುದರಿಂದ ಗದ್ದಲವಾಗುತ್ತದೆ. ಮುಂಚಿನ ದಿನ ಹದಿನೈದು ನಿಮಿಷ ಮೈಕ್ ಪರೀಕ್ಷೆ ಇರಲಿ. ಮುದ್ರಿಸುವುದಾದರೆ ಶುರುವಿನಲ್ಲೇ ಹೇಳಿ.

ಇದರ ಜೊತೆ ವಿಶೇಷ ಸೆಷನ್ ಆಡಬೇಕೆನಿಸಿದರೆ ಹಳೆಯ ಪಾತ್ರಗಳನ್ನು ಗರಿಷ್ಠ ಮಟ್ಟಕ್ಕೆ ಏರಿಸಿ ದೊಡ್ಡ ಕಾಳಗ ಇಡುವ ಮೋಹಕ್ಕೆ ಬೀಳಬೇಡಿ. ಯಾರಿಗೂ ಹೊಸ ಶಕ್ತಿಗಳ ಪರಿಚಯವಿರುವುದಿಲ್ಲ, ಪಾತ್ರದ ವಿವರವಿರುವ ಶೀಟ್ ಓದುವುದರಲ್ಲೇ ಎರಡು ಗಂಟೆ ಮುಗಿಯುತ್ತದೆ. ಅದರ ಬದಲು ಕ್ಯಾಂಪೇನಿನ ಪೋಷಕ ಪಾತ್ರಗಳನ್ನು, ಅಂದರೆ ಸುಂಕದ ಅಧಿಕಾರಿ, ಹೋಟೆಲಿನ ಮುದುಕಿ, ಓಡಿಹೋದ ಕಾವಲುಗಾರ ಇಂಥವರನ್ನು, ಅರ್ಧ ಪುಟದ ಶೀಟ್ ಮಾಡಿ ಆಟಗಾರರಿಗೆ ಹಂಚಿ. ನಾಯಕರು ಹೋದ ಮೇಲೆ ಆ ಊರಿನಲ್ಲಿ ಏನಾಯಿತು ಎಂಬ ಒಂದೇ ಸನ್ನಿವೇಶ, ಎರಡೂವರೆ ಗಂಟೆ. ಅಲ್ಲಿ ನಡೆದದ್ದು ಮುಖ್ಯ ಕಥೆಗೆ ಸೇರುತ್ತದೋ ಇಲ್ಲವೋ ಎಂದು ಆಡುವ ಮೊದಲೇ ತೀರ್ಮಾನಿಸಿ.

ಕೊಡುಗೆ

ಸರ್ವರ್‌ನಲ್ಲಿ ಹೆಸರಿಗೊಂದು ವಿಶೇಷ ಬಣ್ಣ, ಪ್ರಶಸ್ತಿಪತ್ರದ ಚಿತ್ರ, ತೆರೆದಿಟ್ಟ ಕಡತ ಇಷ್ಟಾದರೂ ಸಾಕು. ಅಚ್ಚು ಹಾಕಿದ ನಕ್ಷೆ ಕೊಡುವ ಆಸೆಯಿದ್ದರೆ ಮೊದಲು ಪಿಕ್ಸೆಲ್ ಎಣಿಸಿ. ರೋಲ್20ಯ ರೂಢಿಯಂತೆ ಚೌಕಕ್ಕೆ 70 ಪಿಕ್ಸೆಲ್ ಇರುವ 30×20 ಚೌಕದ ನಕ್ಷೆ 2,100×1,400 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಏಳು ಇಂಚು ಅಗಲಕ್ಕೇ ಮುಗಿಯುತ್ತದೆ. ಎ3 ಹಾಳೆಗೆ 4,961×3,508 ಬೇಕು. ನಕ್ಷೆ ಮಾಡಿದವರ ಬಳಿ ಚೌಕಕ್ಕೆ 140 ಪಿಕ್ಸೆಲ್‌ನ ಮೂಲ ಫೈಲ್ ಇದ್ದರೆ 14 ಇಂಚು ಬರುತ್ತದೆ, ಎ3 ಹಾಳೆಯಲ್ಲಿ ಅಂಚು ಬಿಟ್ಟು ಚೆನ್ನಾಗಿ ಕೂರುತ್ತದೆ.

ಕ್ಯಾಂಪೇನಿನ ಕಥೆಯನ್ನು ಪುಸ್ತಕ ಮಾಡುವುದಾದರೆ ಹಕ್ಕುಗಳನ್ನು ನೋಡಿ. ದುಡ್ಡು ಕೊಟ್ಟು ಬರೆಸಿದ ಪಾತ್ರಚಿತ್ರಕ್ಕೂ ಸಾಮಾನ್ಯವಾಗಿ ಸ್ವಂತ ಬಳಕೆಯ ಅನುಮತಿ ಮಾತ್ರ ಇರುತ್ತದೆ. ಪುಸ್ತಕಕ್ಕೆ ಹಾಕಬೇಕಾದರೆ ಕಲಾವಿದರನ್ನು ಮತ್ತೆ ಕೇಳಬೇಕು. ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನ ಎಸ್‌ಆರ್‌ಡಿ 5.1 ಎಂಬ ಮೂಲನಿಯಮ ಸಂಗ್ರಹದ ಪಠ್ಯ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಮೂಲ ಹೆಸರಿಸಿದರೆ ಬಳಸಬಹುದು. ಮಾರಾಟಕ್ಕಿರುವ ಸಾಹಸಪುಸ್ತಕಗಳ ವರ್ಣನೆಯನ್ನು ಎತ್ತಿ ಹಾಕುವಂತಿಲ್ಲ. ಗೇಮ್ ಮಾಸ್ಟರ್ ಸೆಷನ್‌ನಲ್ಲಿ ಓದಿ ಹೇಳಿದ ಪ್ಯಾರಾ ನಿಮ್ಮ ಚಾಟ್ ದಾಖಲೆಯಲ್ಲಿದೆ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.

ಆಮೇಲಿನ ಎರಡು ವಾರ

ಗೌರವ ಸಿಕ್ಕ ನಂತರ ಕ್ಯಾಂಪೇನ್ ತಣ್ಣಗಾಗುವುದು ಉಂಟು. ಎಲ್ಲರೂ ಏನೋ ಮುಗಿದಂತೆ ಭಾವಿಸುತ್ತಾರೆ, ಗೇಮ್ ಮಾಸ್ಟರ್ ಮುಂದಿನ ಸೆಷನ್ ಹಿಂದಿನದಕ್ಕಿಂತ ಮೇಲಿರಬೇಕು ಎಂದುಕೊಂಡು ತಯಾರಿಯಲ್ಲೇ ಮುಳುಗುತ್ತಾರೆ. ಸಮಾರಂಭಕ್ಕೆ ಮೊದಲೇ ಮುಂದಿನ ಸೆಷನ್‌ನ ದಿನ ಗೊತ್ತುಮಾಡಿಕೊಳ್ಳುವಂತೆ ಆ ಗುಂಪುಗಳಿಗೆ ಹೇಳಿ, ಅದು ಸಂತೆಯಲ್ಲಿ ಸಾಮಾನು ಕೊಳ್ಳುವಂಥ ಸಾದಾ ಸೆಷನ್ ಆಗಿರಲಿ.

ಆಯ್ಕೆಯಾಗದ ಗುಂಪುಗಳಿಗೆ ಎರಡು ವಾರದೊಳಗೆ ತೀರ್ಪುಗಾರರ ಟಿಪ್ಪಣಿ ಹೋಗಬೇಕು: ಓದುವಾಗ ಏನು ಹಿಡಿಸಿತು, ಕಡತದಲ್ಲಿ ಏನು ಕಾಣಿಸಲಿಲ್ಲ, ತಲಾ ಒಂದೆರಡು ಸಾಲು. ‘ಕ್ಯಾಂಪೇನಿನಲ್ಲಿ ಇಲ್ಲ’ ಎನ್ನಬೇಡಿ, ‘ಕಡತದಲ್ಲಿ ಕಾಣಿಸಲಿಲ್ಲ’ ಎನ್ನಿ. ತೀರ್ಪುಗಾರರು ಓದಿದ್ದು ಅದನ್ನಷ್ಟೇ. ಟಿಪ್ಪಣಿಯ ಜೊತೆ ಖಾಲಿ ನಮೂನೆಯನ್ನೂ ಮುಂದಿನ ವರ್ಷದ ಕೊನೆಯ ದಿನಾಂಕವನ್ನೂ ಕಳಿಸಿಬಿಡಿ.